ಹುಟ್ಟು ಕಲಾವಿದ ಅಂತ ಬರೆಯೋ ಮೊದಲು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ, ಟಿವಿ ಶೋ ಒಂದರಲ್ಲಿ ಹೆಸರು ಮಾಡುತ್ತಿರುವ ಪುಟ್ಟ ಹುಡುಗನ ಬಗ್ಗೆ ಅರ್ಧ ಪುಟ ಬರೆದಿದ್ದೀರಿ. ಹುಡುಗ ಚೆನ್ನಾಗಿ ಮಾಡುತ್ತಾನೆ, ಎರಡು ಮಾತಿಲ್ಲ. ನಮ್ಮನೆಯಲ್ಲೂ ಶನಿವಾರ ರಾತ್ರಿ ಅವನು ಬಂದನೆಂದರೆ ಒಲೆ ಮೇಲಿನ ಚಪಾತಿ ಸೀದು ಹೋಗುತ್ತದೆ. ನನ್ನ ತಕರಾರು ಇರುವುದು ಬರಹದ ಮೇಲೆ. ಅವತ್ತು ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ, ಪೆನ್ನು ಹಿಡಿದು ಎಣಿಸುತ್ತಾ ಕೂತೆ. 'ಹುಟ್ಟು ಕಲಾವಿದ' ಅನ್ನೋ ಮಾತು ಮೂರು ಸಲ ಬಂದಿದೆ. 'ಕಡು ಬಡತನ' ಎರಡು ಸಲ. 'ದೇವರ ವರ' ಒಂದು ಸಲ. ಆ ಮಗುವಿಗೆ ಯಾರು ಹೇಳಿಕೊಟ್ಟರು, ಎಷ್ಟು ದಿನ ಹೇಳಿಕೊಟ್ಟರು, ಯಾರನ್ನು ನೋಡಿ ಕಲಿತ ಅನ್ನೋದು ಎಲ್ಲೂ ಇಲ್ಲ. ಕೊನೆಯ ಸಾಲಿನಲ್ಲಾದರೂ ಸಿಗುತ್ತೇನೋ ಅಂತ ನೋಡಿದರೆ ಅಲ್ಲಿ ಅವನಿಗೆ ಇಷ್ಟವಾದ ಐಸ್‌ಕ್ರೀಮ್ ಯಾವುದು ಅಂತ ಬರೆದಿದ್ದೀರಿ.

ನಾನು ಗುಬ್ಬಿ ತಾಲ್ಲೂಕಿನವನು. ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಹಳ್ಳಿಗಳಲ್ಲಿ ಈಗಲೂ ಜಾತ್ರೆ ಅಂದರೆ ಪೌರಾಣಿಕ ನಾಟಕ ಆಗಬೇಕು. ರಾತ್ರಿ ಒಂಬತ್ತೂವರೆಗೆ ಶುರುವಾದ ಕುರುಕ್ಷೇತ್ರ ಮುಗಿಯೋ ಹೊತ್ತಿಗೆ ಹಾಲಿನ ಡೇರಿ ಬಾಗಿಲು ತೆಗೆದಿರುತ್ತದೆ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು, ಕೃಷ್ಣ ದುರ್ಯೋಧನರಿಗೆ ಜಾಸ್ತಿ. ನನ್ನ ಜೇಬಿಗೆ ತಕ್ಕ ಹಾಗೆ ಇಪ್ಪತ್ತು ವರ್ಷದಿಂದ ನಾನು ದುಶ್ಶಾಸನ. ಸೀರೆ ಎಳೆದೂ ಎಳೆದೂ ಬಲಗೈ ಭುಜ ಹಿಡಿದುಕೊಂಡಿದೆ, ಆ ಮಾತು ಬೇರೆ. ಇಷ್ಟು ಯಾಕೆ ಹೇಳಿದೆ ಅಂದರೆ, ಸ್ಟೇಜ್ ಮೇಲೆ ಒಂದು ಮಾತು ಸರಿಯಾಗಿ ಹೇಳೋಕೆ ಎಷ್ಟು ದಿನ ಬೇಕು ಅನ್ನೋದು ನನಗೆ ಮೈಮೇಲೆ ಬಂದು ಗೊತ್ತಿರುವ ವಿಷಯ.

ಎರಡು ವರ್ಷದ ಹಿಂದೆ ಒಂದು ಚಾನೆಲ್‌ನವರು ಮಕ್ಕಳ ಶೋಗೆ ಆಡಿಷನ್ ಅಂತ ಹೇಳಿದರು. ಯಾವ ಚಾನೆಲ್ ಅನ್ನೋದು ಬೇಡ, ಎಲ್ಲರೂ ಒಂದೇ ಥರ ಅಂತ ಆಮೇಲೆ ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ನನ್ನ ತಂಗಿ ಮಗಳಿಗೆ ಆಗ ಒಂಬತ್ತು ವರ್ಷ. ನಮ್ಮ ನಾಟಕದ ಪ್ರಾಕ್ಟೀಸಿಗೆ ದಿನಾ ಬಂದು ಕೂರುತ್ತಿದ್ದಳು, ಎಲ್ಲರ ಮಾತೂ ಬಾಯಿಪಾಠ ಆಗಿತ್ತು, ನಾನು ಮರೆತರೆ ಕಂಬದ ಹಿಂದಿನಿಂದ ಅವಳೇ ಎತ್ತಿಕೊಡುತ್ತಿದ್ದಳು. ಕರೆದುಕೊಂಡು ಹೋಗೋಣ ಅಂತ ಬೆಳಗ್ಗೆ ನಾಲ್ಕಕ್ಕೆ ಎದ್ದು ಬೆಂಗಳೂರಿನ ಬಸ್ ಹತ್ತಿದೆವು. ಕಲ್ಯಾಣ ಮಂಟಪದಂಥ ದೊಡ್ಡ ಹಾಲು. ಫ್ರಾಕಿನ ಎದೆಗೆ ನಂಬರ್ ಚೀಟಿ ಪಿನ್ ಮಾಡಿದರು. ಮುಂದೆ ನೂರಾರು ಮಕ್ಕಳು. ಕೆಲವು ಅಮ್ಮಂದಿರು ಮಕ್ಕಳ ಕೆನ್ನೆಗೆ ಮೂರನೇ ಸಲ ಪೌಡರ್ ಹಚ್ಚುತ್ತಿದ್ದರು, ಹಚ್ಚಿದ್ದೆಲ್ಲ ಬೆವರಿಗೆ ಇಳಿದು ಕತ್ತಿಗೆ ಬರುತ್ತಿತ್ತು. ಡಬ್ಬಿಯ ಚಿತ್ರಾನ್ನ ಹನ್ನೊಂದಕ್ಕೇ ಖಾಲಿ. ನಮ್ಮ ಸರದಿ ಬಂದಾಗ ಮಧ್ಯಾಹ್ನ ಮೂರೂವರೆ.

ಒಳಗೆ ಇಬ್ಬರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಇವಳು ದ್ರೌಪದಿಯ ಮಾತು ಎತ್ತಿದಳು, ಅದೂ ತುಂಬಿದ ಸಭೆಯ ಸೀನು. ಎರಡು ಸಾಲು ಆಗಿತ್ತು ಅಷ್ಟೇ.

"ಸಾಕು ಪುಟ್ಟಾ. ಅಪ್ಪ ಏನ್ ಕೆಲಸ ಮಾಡ್ತಾರೆ?"

"ಗ್ಯಾರೇಜು."

"ಮನೇಲಿ ಏನಾದ್ರೂ ಕಷ್ಟ ಇದೆಯಾ?"

ಮಗು ಸ್ವಲ್ಪ ಹೊತ್ತು ಯೋಚನೆ ಮಾಡಿ "ಗಣಿತ ಕಷ್ಟ" ಅಂದಿತು.

ಅವರು ನಕ್ಕರು, ನಾನೂ ನಕ್ಕೆ. ಫೋನ್ ನಂಬರ್ ಬರೆದುಕೊಂಡರು, ಆಮೇಲೆ ಫೋನ್ ಬರಲಿಲ್ಲ. ಸೆಲೆಕ್ಟ್ ಆಗಲಿಲ್ಲ ಅಂತ ನನಗೆ ಬೇಜಾರಿಲ್ಲ ಸಾರ್. ನಾನೇ ಅಲ್ಲಿ ಕೂತಿದ್ದರೂ ಅಷ್ಟು ಮಕ್ಕಳನ್ನು ನೋಡಿದ ಮೇಲೆ ಯಾರು ಹೆಂಗೆ ಅಂತ ತಲೆಗೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಕೊರೆದದ್ದು ಒಂದೇ. ಕಷ್ಟ ಇದೆಯಾ ಅಂತ ಕೇಳಿದರಲ್ಲ, ಈ ಮಾತು ನಿನಗೆ ಯಾರಮ್ಮಾ ಹೇಳಿಕೊಟ್ಟರು ಅಂತ ಯಾಕೆ ಕೇಳಲಿಲ್ಲ? ನಿಮ್ಮ ಪುರವಣಿ ಓದುವಾಗ ಅದೇ ಲ್ಯಾಪ್‌ಟಾಪಿನ ಮುಂದೆ ಮತ್ತೆ ನಿಂತ ಹಾಗಾಯಿತು.

ಈಗ ರಾಜಕುಮಾರ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಬರಹದಲ್ಲೂ ಅವರ ಹೆಸರಿದೆ, 'ಬಡತನದಲ್ಲಿ ಹುಟ್ಟಿ ಒಂದೇ ಚಿತ್ರದಿಂದ ಮನೆಮಾತಾದ ಅಣ್ಣಾವ್ರ ಹಾಗೆ' ಅಂತ. ಒಂದೇ ಚಿತ್ರದಿಂದ! ಗುಬ್ಬಿಯವನಿಗೆ ಈ ಮಾತು ಓದಿ ಸುಮ್ನೆ ಇರೋಕೆ ಆಗಲ್ಲ.

ಮುತ್ತುರಾಜ ಅನ್ನೋ ಆ ಹುಡುಗ ಹುಟ್ಟಿದ್ದು 1929ರ ಏಪ್ರಿಲ್ 24ಕ್ಕೆ, ದೊಡ್ಡ ಗಾಜನೂರಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯ, ಈಗ ತಮಿಳುನಾಡಿನ ತಾಳವಾಡಿ ಕಡೆಗೆ ಸೇರಿದೆ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಅಮ್ಮ ಲಕ್ಷ್ಮಮ್ಮ. ಪುಟ್ಟಸ್ವಾಮಯ್ಯನವರು ಕಂಪನಿ ನಾಟಕದ ನಟ. ಕಂಸ, ರಾವಣ, ಹಿರಣ್ಯಕಶಿಪು, ಇಂಥ ಅಬ್ಬರದ ಪಾತ್ರಗಳು ಅವರ ಕೈ ಹಿಡಿದಿದ್ದವು. ಹುಡುಗ ಎಂಟರ ಆಸುಪಾಸಿನಲ್ಲಿ ಶಾಲೆ ಬಿಟ್ಟ. ಅಪ್ಪನ ಹಿಂದೆ ಗುಬ್ಬಿ ಕಂಪನಿಗೆ ಬಂದ. ಹೀರೋ ಆಗಿ ಮೊದಲ ಚಿತ್ರ 'ಬೇಡರ ಕಣ್ಣಪ್ಪ' ಬಿಡುಗಡೆಯಾಗಿದ್ದು 1954ರ ಮೇ ತಿಂಗಳಲ್ಲಿ. ಆಗ ಅವರಿಗೆ 25 ತುಂಬಿತ್ತು. ಲೆಕ್ಕ ಹಾಕಿ ನೋಡಿ, ಮಧ್ಯೆ ಹದಿನೇಳು ವರ್ಷ ಇದೆ. ಈಗಿನ ಲೆಕ್ಕದಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಡಿಗ್ರಿ ಮುಗಿಸಿ ಮೇಲೊಂದು ಕೋರ್ಸ್ ಮಾಡುವಷ್ಟು ಕಾಲ. ಅಷ್ಟನ್ನೂ ನೀವು 'ಬಡತನ' ಅನ್ನೋ ಒಂದು ಪದದೊಳಗೆ ತುರುಕಿಬಿಟ್ಟಿರಿ.

ಆ ಹದಿನೇಳು ವರ್ಷದಲ್ಲಿ ಕಂಪನಿಯ ಹುಡುಗರು ಏನು ಮಾಡುತ್ತಿದ್ದರು? ನಮ್ಮೂರ ಹಾರ್ಮೋನಿಯಂ ಮೇಷ್ಟ್ರು ಇದ್ದರು, ಈಗಿಲ್ಲ. ಚಿಕ್ಕಂದಿನಲ್ಲಿ ಯಾವ್ಯಾವುದೋ ಸಣ್ಣ ಕಂಪನಿಗಳಲ್ಲಿ ತಿರುಗಿದವರು. ಪ್ರಾಕ್ಟೀಸ್ ಮುಗಿದ ಮೇಲೆ ಬೀಡಿ ಹಚ್ಚಿಕೊಂಡು ಹೇಳೋರು. ಹುಡುಗನಿಗೆ ಮೊದಲು ಸಿಗೋದು ಮಾತಿಲ್ಲದ ಪಾತ್ರ. ಸಭೆಯಲ್ಲಿ ಚಾಮರ ಬೀಸು, ದೂತನಾಗಿ ಬಂದು ಕೈಮುಗಿದು ಹೋಗು. ಗಂಟಲು ಚೆನ್ನಾಗಿದ್ದರೆ ಪ್ರಾರ್ಥನೆಯ ಸಾಲಿಗೆ ಸೇರಿಸೋರು. ಮುಖ ಲಕ್ಷಣವಾಗಿದ್ದು ಮಾತು ಸ್ಪಷ್ಟ ಇದ್ದರೆ ಲೋಹಿತಾಶ್ವ, ಪ್ರಹ್ಲಾದ, ಬಾಲಕೃಷ್ಣ. ಉಳಿದ ಹೊತ್ತೆಲ್ಲ ಸೈಡ್ ವಿಂಗಿನಲ್ಲಿ, ಅಂದರೆ ಸ್ಟೇಜ್ ಪಕ್ಕದ ಪರದೆ ಮರೆಯಲ್ಲಿ, ನಿಂತು ನೋಡೋದೇ ಕೆಲಸ. ದಿನಾ ಅದೇ ನಾಟಕ, ಅದೇ ಮಾತು, ಆದರೆ ದೊಡ್ಡ ನಟರು ಇವತ್ತು ಯಾವ ಕಡೆ ಉಸಿರು ತಗೊಂಡರು, ನಿನ್ನೆ ಚಪ್ಪಾಳೆ ಬಿದ್ದ ಜಾಗದಲ್ಲಿ ಇವತ್ತು ಯಾಕೆ ಬೀಳಲಿಲ್ಲ, ಜನ ಕೆಮ್ಮೋಕೆ ಶುರು ಮಾಡಿದಾಗ ಏನು ಮಾಡಿದರು ಅಂತ ನೋಡುತ್ತಾ ನೋಡುತ್ತಾ ಹುಡುಗನ ಮೈಗೆ ಅದು ಇಳಿಯುತ್ತಿತ್ತು. ದೊಡ್ಡವರೊಬ್ಬರಿಗೆ ಜ್ವರ ಬಂದರೆ ಆ ರಾತ್ರಿ ಹುಡುಗನಿಗೇ ಬಣ್ಣ. ಮೈಕು ಆಮೇಲೆ ಬಂದದ್ದು. ಅದಕ್ಕೆ ಮುಂಚೆ ನೆಲದ ಮೇಲೆ ಕೂತ ಕೊನೆಯ ಸಾಲಿನವನಿಗೂ ಕೇಳಬೇಕು, ಕಿರುಚಿದ ಹಾಗೂ ಇರಬಾರದು. "ಗಂಟಲಿಂದ ಬಂದದ್ದು ಮೂರನೇ ಸಾಲಿಗೆ, ಹೊಟ್ಟೆಯಿಂದ ಬಂದದ್ದು ಮೂವತ್ತನೇ ಸಾಲಿಗೆ" ಅನ್ನೋರು ಮೇಷ್ಟ್ರು. ನನ್ನದು ಇನ್ನೂ ಹತ್ತನೇ ಸಾಲಿನಲ್ಲೇ ನಿಂತಿದೆ.

ಗುಬ್ಬಿ ಕಂಪನಿಯ ಮಾಲೀಕ ವೀರಣ್ಣನವರೂ ಹೀಗೇ ಬಂದವರು. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ, ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅಂದರೆ ಕಂಪನಿ ಅವರಿಗಿಂತ ಏಳು ವರ್ಷ ದೊಡ್ಡದು. ಆರು ವರ್ಷದ ಹುಡುಗನಾಗಿ ಒಳಗೆ ಹೋದವರು ಮುಂದೆ ಅದೇ ಕಂಪನಿಯ ಯಜಮಾನರಾದರು. 'ಸದಾರಮೆ'ಯ ಕಳ್ಳನ ಪಾತ್ರ ಅಂದರೆ ಇವತ್ತಿಗೂ ಅವರ ಹೆಸರೇ. ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆ ತಂದು ಸ್ಟೇಜ್ ಮೇಲೆ ನಿಲ್ಲಿಸಿದವರು. ನಾವು ಪ್ಲೈವುಡ್ ರಥ ಎಳೆಯುವಾಗಲೆಲ್ಲ ಯಾರಾದರೂ ಒಬ್ಬರು ಆ ಮಾತು ಎತ್ತಿ ನಮ್ಮ ಮಾನ ಕಳೆಯುತ್ತಾರೆ.

ಇದೇ ಕಂಪನಿಗೆ ಮನೆ ಬಿಟ್ಟು ಓಡಿ ಬಂದ ಇನ್ನೊಬ್ಬ ಹುಡುಗ ಇದ್ದ, ಬಂಟ್ವಾಳದ ಹತ್ತಿರ ಮಂಚಿ ಅನ್ನೋ ಊರಿನವನು. ಅವನೂ 1929ರಲ್ಲೇ ಹುಟ್ಟಿದವನು. ಬಿ.ವಿ. ಕಾರಂತ. ಊರಿನಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗಲೇ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಪಾತ್ರ ಮಾಡಿದ್ದನಂತೆ, ಆ ಹುಚ್ಚು ಬಿಡಲಿಲ್ಲ. ಒಂದೇ ವರ್ಷ ಹುಟ್ಟಿದ ಇಬ್ಬರು, ಒಂದೇ ಕಂಪನಿಯ ಅನ್ನ ತಿಂದವರು. ಒಬ್ಬರು ಸಿನಿಮಾಕ್ಕೆ ಹೋದರು. ಇನ್ನೊಬ್ಬರನ್ನು ವೀರಣ್ಣನವರೇ ಕಾಶಿಗೆ ಎಂ.ಎ. ಓದೋಕೆ ಕಳಿಸಿದರು, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಆಮೇಲೆ ಮೈಸೂರಿನ ರಂಗಾಯಣ, ಅದೆಲ್ಲ ಗೊತ್ತಿರೋದೇ. ನಾಟಕದ ಕಂಪನಿ ಮಾಲೀಕರೊಬ್ಬರು ಒಬ್ಬ ಹುಡುಗನಲ್ಲಿ ಏನೋ ಕಂಡು ಓದೋಕೆ ಕಳಿಸಿದರಲ್ಲ, ನನಗೆ ಇದು ಆನೆ ತಂದು ನಿಲ್ಲಿಸಿದ್ದಕ್ಕಿಂತ ದೊಡ್ಡದು ಅನಿಸುತ್ತದೆ. ತಿಪಟೂರಿನ ನರಸಿಂಹರಾಜು ಇನ್ನೂ ಚಿಕ್ಕ ವಯಸ್ಸಿನಲ್ಲಿ, ನಾಲ್ಕೈದು ವರ್ಷಕ್ಕೇ ಬಣ್ಣ ಹಚ್ಚಿದವರು. ಬೇಡರ ಕಣ್ಣಪ್ಪದಲ್ಲಿ ಅವರನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಾಗ ಅವರ ಬೆನ್ನ ಹಿಂದೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಂಪನಿ ಬದುಕು ಇತ್ತು.

ಅಲ್ಲಿಗೆ ಅಣ್ಣಾವ್ರ 'ಒಂದೇ ಚಿತ್ರ'ದ ಕಥೆಯೂ ಪೂರ್ತಿ ನಿಜ ಅಲ್ಲ. ಮುತ್ತುರಾಜ ಅನ್ನೋ ಹೆಸರು ತೆಗೆದು ರಾಜಕುಮಾರ್ ಅಂತ ಇಟ್ಟವರು ಆ ಚಿತ್ರದ ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಚಿತ್ರ ತೆಗೆದದ್ದರಲ್ಲಿ ಗುಬ್ಬಿ ಕಂಪನಿಯವರ ಕೈಯೂ ಇತ್ತು. ಚಿತ್ರ ಚೆನ್ನಾಗಿ ಓಡಿತು, ಕೇಂದ್ರ ಸರ್ಕಾರದ ಮನ್ನಣೆಯೂ ಬಂತು. ಆದರೆ ಆಗ ಕನ್ನಡದಲ್ಲಿ ವರ್ಷಕ್ಕೆ ಬರುತ್ತಿದ್ದದ್ದೇ ಬೆರಳೆಣಿಕೆಯಷ್ಟು ಸಿನಿಮಾ. ಹೀರೋ ಆದವರಿಗೆ ಕೆಲಸ ಇಲ್ಲ. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಮಾಡಿಕೊಂಡು ಉತ್ತರ ಕರ್ನಾಟಕದ ಕಡೆ ಊರೂರು ತಿರುಗಿ ನಾಟಕ ಆಡಿದರು. ಗೆದ್ದ ಹೀರೋ ಮತ್ತೆ ಸ್ಟೇಜಿಗೆ ಬಂದು ನಿಂತ. ಅದೇ ಗೆಳೆಯರು ಕೈಜೋಡಿಸಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಇದನ್ನು ಯಾರೂ ಶೋಗಳಲ್ಲಿ ಹೇಳಲ್ಲ, ಯಾಕೆಂದರೆ ಕಥೆ ನೆಟ್ಟಗೆ ಮೇಲಕ್ಕೆ ಹೋಗಬೇಕಲ್ವಾ, ಮಧ್ಯೆ ಇಳಿಯೋ ಹಾಗಿಲ್ಲ.

ಹಾಡಿನ ವಿಷಯ ಇನ್ನೂ ಚೆಂದ. ಕಂಪನಿಯಲ್ಲಿ ಹಾಡೋಕೆ ಬಾರದವನಿಗೆ ಹೀರೋ ಪಾತ್ರ ಇಲ್ಲ, ಪದ್ಯಕ್ಕೆ ಒನ್ಸ್ ಮೋರ್ ಬಿದ್ದರೆ ಸತ್ತ ಪಾತ್ರವೂ ಎದ್ದು ಬಂದು ಹಾಡಬೇಕು. ಹಾಗೆ ಹಾಡಿ ಬಂದವರಿಗೆ ಸಿನಿಮಾದಲ್ಲಿ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ದನಿ ಕೊಟ್ಟರು. ಅದೂ ಚೆನ್ನಾಗಿಯೇ ಇತ್ತು, ಅದರ ಬಗ್ಗೆ ಒಂದು ಮಾತು ಆಡಿದರೆ ನಮ್ಮಮ್ಮ ಮನೆಯಿಂದ ಹೊರಗೆ ಹಾಕುತ್ತಾರೆ. 1956ರ 'ಓಹಿಲೇಶ್ವರ'ದಲ್ಲಿ ಒಂದು ಹಾಡು, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಇನ್ನೊಂದು ಸ್ವಂತ ದನಿಯಲ್ಲಿ ಹಾಡಿದ್ದರು, ಆಮೇಲೆ 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತು ಹಾಡೋವರೆಗೂ ಆ ಗಂಟಲು ಕಾಯುತ್ತಾ ಕೂತಿತ್ತು. ಅಲ್ಲಿಂದ ಮುಂದೆ ಹಾಡಿ ಹಾಡಿ, 1992ರ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅವರಿಗೆ ಆಗ 60 ದಾಟಿತ್ತು. ಹುಡುಗನಾಗಿದ್ದಾಗ ಹಾರ್ಮೋನಿಯಂ ಪಕ್ಕ ನಿಂತು ಹಿಡಿದ ಶ್ರುತಿ ಅದು. ದೇವರ ವರ ಅಂತ ಒಂದು ಪದ ಹಾಕಿಬಿಟ್ಟರೆ ಆ ಹಾರ್ಮೋನಿಯಂ ನುಡಿಸಿದವರು ಏನಾಗಬೇಕು?

ಹಾಗಂತ ಕಂಪನಿ ಬಾಲ್ಯವನ್ನು ಮುದ್ದು ಮಾಡಿ ಹೇಳೋದೂ ನನಗೆ ಹಿಡಿಸಲ್ಲ. ನಮ್ಮ ಮೇಷ್ಟ್ರಿಗೆ ಸರಿಯಾಗಿ ಸಹಿ ಹಾಕೋಕೆ ಬರುತ್ತಿರಲಿಲ್ಲ. ಪದ್ಯ ನೂರಾರು ಬಾಯಲ್ಲಿತ್ತು, ಬ್ಯಾಂಕಿನ ಚಲನ್ ತುಂಬೋಕೆ ನನ್ನ ಅಂಗಡಿಗೆ ಬರೋರು. ಆ ಕಾಲದಲ್ಲಿ ನೂರು ಹುಡುಗರು ಶಾಲೆ ಬಿಟ್ಟು ಕಂಪನಿ ಸೇರಿದ್ದರೆ ಒಬ್ಬರೋ ಇಬ್ಬರೋ ರಾಜಕುಮಾರ್ ಆದರು, ಉಳಿದವರು ಎಲ್ಲಿ ಹೋದರು ಅಂತ ಯಾರ ಹತ್ತಿರ ಲೆಕ್ಕ ಇದೆ? ಪುಟ್ಟಸ್ವಾಮಯ್ಯನವರು 1951ರಲ್ಲಿ ತೀರಿಕೊಂಡರು, ಮಗ ಹೀರೋ ಆಗಿದ್ದನ್ನು ನೋಡಲೇ ಇಲ್ಲ. ಶಾಲೆ ಬಿಟ್ಟ ಆ ಮಗನಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಸಂತೋಷ. ಆದರೆ ಅದನ್ನು ತೋರಿಸಿ ಇವತ್ತಿನ ಅಪ್ಪ ಅಮ್ಮಂದಿರು 'ಅಣ್ಣಾವ್ರು ಎಷ್ಟು ಓದಿದ್ದರು' ಅಂತ ಕೇಳುತ್ತಾರಲ್ಲ, ಆಡಿಷನ್ ಸಾಲಿನಲ್ಲಿ ನನ್ನ ಪಕ್ಕ ನಿಂತವರೇ ಕೇಳಿದರು, ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ಅಣ್ಣಾವ್ರದೇ ಮನೆಯ ಇನ್ನೊಬ್ಬ ಹುಡುಗನ ಕಥೆ ಪೂರ್ತಿ ಬೇರೆ. ಅಲ್ಲಿ ಬಡತನ ಇಲ್ಲ, ಆದ್ದರಿಂದ ನಿಮ್ಮ ಬರಹಗಾರರಿಗೆ 'ಹುಟ್ಟು ಕಲಾವಿದ' ಒಂದೇ ಉಳಿಯುತ್ತದೆ. ಪುನೀತ್ ಹುಟ್ಟಿದ್ದು 1975ರ ಮಾರ್ಚ್ 17ಕ್ಕೆ, ಮದ್ರಾಸಿನಲ್ಲಿ. ಮೊದಲು ಇಟ್ಟ ಹೆಸರು ಲೋಹಿತ್. ಆರು ತಿಂಗಳ ಕೂಸಾಗಿದ್ದಾಗ 'ಪ್ರೇಮದ ಕಾಣಿಕೆ'ಯಲ್ಲಿ ಕಾಣಿಸಿಕೊಂಡಿತು. ಕೂಸು ಅಭಿನಯ ಮಾಡಿತು ಅಂತ ಯಾರೂ ಹೇಳಲ್ಲ, ಎತ್ತಿಕೊಂಡವರು ಮಾಡಿದರು, ಅಷ್ಟೇ. ಆದರೆ ಅಲ್ಲಿಂದ ಮುಂದೆ ಅಪ್ಪ ಅವನನ್ನೂ ಅಕ್ಕ ಪೂರ್ಣಿಮಾ ಅವರನ್ನೂ ಶೂಟಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಪ್ರಕಾರ ಅದೇ ಅವನ ಸೈಡ್ ವಿಂಗ್. ಅಪ್ಪ ಸೈಡ್ ವಿಂಗಿನಲ್ಲಿ ನಿಂತು ಏನು ಕಲಿತರೋ ಅದನ್ನು ಮಗ ಕ್ಯಾಮೆರಾ ಪಕ್ಕ ಕುರ್ಚಿ ಮೇಲೆ ಕೂತು ಕಲಿತ.

1983ರ 'ಭಕ್ತ ಪ್ರಹ್ಲಾದ' ಯಾವತ್ತಾದರೂ ಮಧ್ಯಾಹ್ನ ಟಿವಿಯಲ್ಲಿ ಬಂದರೆ ನೋಡಿ ಸಾರ್. ಈ ಸಲ ಮಗುವನ್ನೇ ನೋಡಿ. ಎದುರಿಗೆ ಅಪ್ಪ, ಹಿರಣ್ಯಕಶಿಪು, ಕಿರೀಟ ಗದೆ ಎಲ್ಲ ಸೇರಿ ಬೆಟ್ಟದ ಹಾಗೆ. ಆ ಅಬ್ಬರ ಶುರುವಾದರೆ ನಮ್ಮ ಮನೆಯ ಟಿವಿಯ ಹಳೇ ಸ್ಪೀಕರ್ ಗರಗರ ಅನ್ನುತ್ತಿತ್ತು. ಅಂಥ ಕಡೆ ಎಂಟು ವರ್ಷದ ಹುಡುಗ ತನ್ನ ಮಾತಿನ ಸರದಿಗೆ ಕಾಯುತ್ತಾ ನಿಲ್ಲುತ್ತಾನೆ. ಬೇರೆಯವರು ಮಾತಾಡುವಾಗ ಏನು ಮಾಡಬೇಕು ಅನ್ನೋದೇ ನಟನೆಯಲ್ಲಿ ಕಷ್ಟದ ಕೆಲಸ. ನಮ್ಮ ನಾಟಕದಲ್ಲಿ ಭೀಮ ಮಾತಾಡುವಾಗ ಅರ್ಜುನ ಮೀಸೆ ಅಂಟು ಒತ್ತಿಕೊಳ್ಳುತ್ತಿರುತ್ತಾನೆ. ಈ ಮಗು ಸುಮ್ಮನೆ ನಿಂತು ಕೇಳುತ್ತದೆ, ನಿಜವಾಗಿ ಕೇಳುತ್ತದೆ, ಆಮೇಲೆ ಉತ್ತರ ಹೇಳುತ್ತದೆ. ಮಗುವಿನ ಅಜ್ಜ ಪುಟ್ಟಸ್ವಾಮಯ್ಯ ಅದೇ ಹಿರಣ್ಯಕಶಿಪುವನ್ನು ಕಂಪನಿಯಲ್ಲಿ ಮಾಡುತ್ತಿದ್ದರು, ಸೈಡ್ ವಿಂಗಿನಿಂದ ಅದನ್ನು ನೋಡುವ ಭಾಗ್ಯ ಇದ್ದ ಹುಡುಗ ಈಗ ಕಿರೀಟ ಇಟ್ಟುಕೊಂಡು ಕಂಬದ ಮುಂದೆ ನಿಂತಿದ್ದಾರೆ, ಅವರ ಮಗ ಪ್ರಹ್ಲಾದ. ಮೂರು ತಲೆಮಾರಿನ ಪಾಠ ಒಂದು ಸೀನಿನಲ್ಲಿ ಇದೆ. ಇದನ್ನು ಯಾವ ಪುರವಣಿಯಲ್ಲೂ ನಾನು ಓದಿಲ್ಲ, ಬಂದಿದ್ದರೆ ದಯವಿಟ್ಟು ಕಳಿಸಿಕೊಡಿ, ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿ ಗೋಡೆಗೆ ಅಂಟಿಸುತ್ತೇನೆ.

ಎರಡು ವರ್ಷ ಬಿಟ್ಟು 'ಬೆಟ್ಟದ ಹೂವು' ಬಂತು, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಪುಸ್ತಕದ ಆಸೆಯ ಬಡ ಹುಡುಗ ರಾಮು. ಅದಕ್ಕೆ ಬಾಲನಟನ ರಾಷ್ಟ್ರ ಪ್ರಶಸ್ತಿ. ರಾಜ್ಯ ಪ್ರಶಸ್ತಿ ಅದಕ್ಕೂ ಮುಂಚೆ, 'ಚಲಿಸುವ ಮೋಡಗಳು', 'ಎರಡು ನಕ್ಷತ್ರಗಳು' ಚಿತ್ರಗಳಿಗೇ ಬಂದಿತ್ತು. 'ಭಾಗ್ಯವಂತ'ದಲ್ಲಿ ತನ್ನ ಹಾಡನ್ನು ತಾನೇ ಹಾಡಿದ್ದ. ಇವತ್ತಿಗೂ ನಮ್ಮ ಕಡೆ ಸ್ಕೂಲ್ ಡೇ ಅಂದರೆ ಯಾವುದಾದರೂ ಒಂದು ಮಗು ಆ ಹಾಡು ಹೇಳಿಯೇ ಹೇಳುತ್ತದೆ. 2021ರ ಅಕ್ಟೋಬರ್ ಆದಮೇಲೆ ಅದನ್ನು ಕೇಳೋಕೆ ಆಗಲ್ಲ, ಹಿಂದಿನ ಸಾಲಿನಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಆದರೆ ನಾನು ನಿಮಗೆ ತೋರಿಸಬೇಕು ಅಂದುಕೊಂಡಿದ್ದು ಆಮೇಲಿನದ್ದು. 1989ರ 'ಪರಶುರಾಮ್' ಆದಮೇಲೆ ಆ ಹುಡುಗ ತೆರೆ ಮೇಲಿಂದ ಇಳಿದ. ಹದಿನಾಲ್ಕು ವರ್ಷ, ಮೀಸೆ ಮೂಡೋ ವಯಸ್ಸು, ದನಿ ಒಡೆಯೋ ವಯಸ್ಸು. ಹೀರೋ ಆಗಿ 'ಅಪ್ಪು' ಬಂದಿದ್ದು 2002ರಲ್ಲಿ, 27ಕ್ಕೆ. ಮಧ್ಯೆ ಹದಿಮೂರು ವರ್ಷ. ಅಪ್ಪ ಕನ್ನಡದ ಅತಿ ದೊಡ್ಡ ನಟ, ಅಮ್ಮ ಪಾರ್ವತಮ್ಮ ಸ್ವಂತ ಬ್ಯಾನರ್ ನಡೆಸುವವರು, ಹದಿನೆಂಟಕ್ಕೇ ಹೀರೋ ಮಾಡಿ ನಿಲ್ಲಿಸೋಕೆ ಏನು ಅಡ್ಡಿ ಇತ್ತು? ಅಡ್ಡಿ ಏನೂ ಇರಲಿಲ್ಲ, ಆದರೂ ಕಾದರು. ಹಾಗೆ ಕಾಯೋಕೆ ಅನುಕೂಲ ಇರಬೇಕು ಅನ್ನೋದನ್ನು ಒಪ್ಪುತ್ತೇನೆ, ಗ್ಯಾರೇಜಿನವರ ಮಗಳಿಗೆ ಆ ಅನುಕೂಲ ಇಲ್ಲ. ಅದಕ್ಕೇ ಹೇಳೋದು, ಶೋ ಮುಗಿದ ಮೇಲೆ ಆ ಮಕ್ಕಳು ಏನಾದರು ಅಂತಲೂ ಬರೀರಿ. ನಾಲ್ಕು ವರ್ಷದ ಹಿಂದೆ ಒಂದು ಶೋನಲ್ಲಿ ಗೆದ್ದ ಹುಡುಗನ ಫ್ಲೆಕ್ಸ್ ನಮ್ಮ ಪಕ್ಕದ ಊರಿನ ಬಸ್ ಸ್ಟ್ಯಾಂಡಿನಲ್ಲಿತ್ತು. ಈಗ ಅದೇ ಫ್ಲೆಕ್ಸನ್ನು ಯಾರೋ ಹುಲ್ಲಿನ ಮೆದೆ ಮೇಲೆ ಹೊದಿಸಿದ್ದಾರೆ. ಹುಡುಗ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ, ಚೆನ್ನಾಗಿದ್ದಾನೆ, ಆದರೆ ಊರಿನವರು ಸಿಕ್ಕಾಗಲೆಲ್ಲ 'ಏನೋ ಮತ್ತೆ ಟಿವೀಲಿ ಬರಲೇ ಇಲ್ಲ' ಅಂತ ಕೇಳಿ ಕೇಳಿ ಅವನು ಜಾತ್ರೆಗೇ ಬರೋದು ಬಿಟ್ಟಿದ್ದಾನೆ.

ಇನ್ನೊಂದು ವಿಷಯ. ಮಕ್ಕಳನ್ನು ಶೂಟಿಂಗ್‌ಗೆ ಹಾಕಿಕೊಳ್ಳೋಕೆ ಕಾನೂನು ಇದೆ ಅಂತ ನನಗೂ ಗೊತ್ತಿರಲಿಲ್ಲ. ಅಂಗಡಿಗೆ ವಕೀಲರೊಬ್ಬರು ಕಾಪಿ ತೆಗೆಸೋಕೆ ತಂದಿದ್ದರು, ಕಾಪಿ ತೆಗೆಯುತ್ತಾ ಓದಿದೆ, ನನ್ನ ಅರ್ಧ ವಿದ್ಯೆ ಹೀಗೇ ಬಂದದ್ದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ದುಡಿಸೋ ಹಾಗಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟೋ ಹಾಗಿಲ್ಲ. ಸತತವಾಗಿ 27 ದಿನಕ್ಕಿಂತ ಜಾಸ್ತಿ ಇಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಐದು ಮಕ್ಕಳಿಗೆ ನೋಡಿಕೊಳ್ಳೋರು ಒಬ್ಬರಾದರೂ ಇರಬೇಕು. ಮಗು ದುಡಿದದ್ದರಲ್ಲಿ ಕಡಿಮೆ ಅಂದರೂ ಶೇಕಡ 20ರಷ್ಟು ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಮಗುವಿಗೆ ಇಷ್ಟ ಇಲ್ಲದಿದ್ದರೆ ಬಲವಂತ ಮಾಡೋ ಹಾಗಿಲ್ಲ. ಇಷ್ಟನ್ನು ಒಂದು ಬಾಕ್ಸ್ ಮಾಡಿ ನಿಮ್ಮ ಪುರವಣಿಯಲ್ಲಿ ಹಾಕಿದ್ದರೆ ಐಸ್‌ಕ್ರೀಮಿನ ಜಾಗ ಸಾಕಾಗುತ್ತಿತ್ತು. ಆಡಿಷನ್‌ಗೆ ಹೊರಟ ಎಷ್ಟೋ ಅಪ್ಪ ಅಮ್ಮಂದಿರಿಗೆ ಕೆಲಸಕ್ಕೆ ಬರುತ್ತಿತ್ತು.

ಮುಂದಿನ ಸಲ ಇಂಥ ಮಗುವಿನ ಬಗ್ಗೆ ಬರೆಯುವಾಗ ನಿಮ್ಮ ವರದಿಗಾರರಿಗೆ ನಾಲ್ಕೇ ಪ್ರಶ್ನೆ ಕೇಳೋಕೆ ಹೇಳಿ. ನಿನಗೆ ಯಾರು ಕಲಿಸಿದರು? ಯಾರನ್ನು ನೋಡಿ ಕಲಿತೆ? ತಪ್ಪಿದಾಗ ಏನಂದರು? ಶಾಲೆಗೆ ಯಾವಾಗ ಹೋಗ್ತೀಯಾ? ಕಲಿಸಿದವರ ಹೆಸರೂ ಅಚ್ಚಾಗಲಿ, ಅವರು ಡ್ರಿಲ್ ಮೇಷ್ಟ್ರಾಗಿರಲಿ, ಭಜನೆ ಮನೆಯ ಅಜ್ಜಿಯಾಗಿರಲಿ. ಅವರು ಆ ಪೇಪರ್ ಕತ್ತರಿಸಿ ದೇವರ ಫೋಟೋ ಪಕ್ಕ ಇಡುತ್ತಾರೆ, ನಾನು ಇಂಥ ಕತ್ತರಿಸಿದ ಪೇಪರುಗಳಿಗೆ ಎಷ್ಟೋ ಲ್ಯಾಮಿನೇಷನ್ ಮಾಡಿಕೊಟ್ಟಿದ್ದೇನೆ.

ನನ್ನ ತಂಗಿ ಮಗಳಿಗೆ ಈಗ ಹನ್ನೊಂದು. ಈ ವರ್ಷ ಹೊಸ ಹಾರ್ಮೋನಿಯಂ ಮೇಷ್ಟ್ರು ಅವಳನ್ನು ಪ್ರಾರ್ಥನೆಯ ಸಾಲಿಗೆ ಸೇರಿಸಿಕೊಂಡಿದ್ದಾರೆ, ಮೂರನೆಯವಳು. ಮಾತಿನ ಪಾತ್ರ ಯಾವಾಗ ಅಂತ ಕೇಳಿದ್ದಕ್ಕೆ "ಮೊದಲು ಷಡ್ಜ ನಿಲ್ಲಲಿ" ಅಂದರಂತೆ. ದಿನಾ ಸಂಜೆ ಏಳಕ್ಕೆ ಬಂದು ಸಾ ಅಂತ ಹಿಡಿದುಕೊಂಡು ನಿಲ್ಲುತ್ತಾಳೆ, ಎಂಟೂವರೆಗೆ ಅವರಮ್ಮ ಬಂದು ಹೋಮ್‌ವರ್ಕ್ ಅಂತ ಎಳೆದುಕೊಂಡು ಹೋಗುತ್ತಾಳೆ. ಮೊನ್ನೆ "ಮಾವ, ನೀನು ಸೀರೆ ಎಳೆಯುವಾಗ ಜನರ ಕಡೆ ನೋಡ್ತೀಯಾ, ದ್ರೌಪದಿ ಕಡೆ ನೋಡು" ಅಂದಳು. ಇಪ್ಪತ್ತು ವರ್ಷದಲ್ಲಿ ಇದನ್ನು ಒಬ್ಬರೂ ನನಗೆ ಹೇಳಿರಲಿಲ್ಲ.

ನಾಟಕ ಇರೋದು ಶಿವರಾತ್ರಿ ಆದಮೇಲೆ ಬರೋ ಶನಿವಾರ. ನಿಮ್ಮವರು ಯಾರಾದರೂ ಬರೋದಾದರೆ ಮುಂಚೆ ತಿಳಿಸಿ, ಊಟ ನಮ್ಮನೆಯಲ್ಲೇ. ಮುಂದಿನ ಸಾಲಿನಲ್ಲಿ ಮಾತ್ರ ಕೂರೋದು ಬೇಡ, ನಮ್ಮ ಭೀಮನ ಗದೆಯ ತಲೆ ಹೋದ ವರ್ಷ ಕಳಚಿ ಬಂದು ಪಂಚಾಯಿತಿ ಮೆಂಬರ್ ಮಡಿಲಿಗೆ ಬಿದ್ದಿತ್ತು.

ಇಂತಿ ನಿಮ್ಮ ಓದುಗ,
ಗುಬ್ಬಿ ತಾಲ್ಲೂಕಿನ ದುಶ್ಶಾಸನ